ಏಳು ಹೊರೆ ಆರ್ಕಿಡ್, ನನ್ನ ಒಂದು ಕುಂಡ

ಮೊದಲೇ ಒಂದು ತಪ್ಪೊಪ್ಪಿಗೆ. ಬಿ.ಇ. ಕೊನೆಯ ವರ್ಷದಲ್ಲಿ ನಾನೊಂದು ಆರ್ಕಿಡ್ ಗಿಡ ಕದ್ದಿದ್ದೆ.

ಜೂನ್ ತಿಂಗಳು. ಮಳೆ ಆಗಷ್ಟೇ ಹಿಡಿದಿತ್ತು. ನಾವು ಏಳೆಂಟು ಜನ ಬೆಳಗಾವಿಯಿಂದ ಬೈಕ್ ಹತ್ತಿ ಖಾನಾಪುರ ದಾಟಿ ಲೋಂಡಾ ಕಡೆ ಹೊರಟಿದ್ವಿ. ರಸ್ತೆ ಪಕ್ಕದ ಮರವೊಂದರ ಕೊಂಬೆಯಿಂದ ನರಿ ಬಾಲದ ಹಾಗೆ ಒಂದು ಹೂಗೊಂಚಲು ಇಳಿಬಿದ್ದಿತ್ತು. ಬಿಳಿ ಹೂವು, ಮೈತುಂಬ ನೇರಳೆ ಚುಕ್ಕಿ. "ಸೀತಾಳೆ ದಂಡೆ ಮಾರಾಯ. ನಮ್ಮ ಕಡೆ ಹೆಂಗಸರು ಮುಡೀತಾರೆ" ಅಂದ ಶಿರಸಿ ಕಡೆಯ ಗೆಳೆಯ. ವನವಾಸದಲ್ಲಿ ಸೀತೆ ಮುಡಿದ ಹೂವು ಅಂತ ಅಲ್ಲಿ ಹೇಳ್ತಾರಂತೆ. ನಾನು ನಾಗನೂರಿನವನು. ಗೋಕಾಕ-ಮೂಡಲಗಿ ಸೀಮೆ, ಎರಿ ಭೂಮಿ, ಎಲ್ಲಿ ನೋಡಿದರೂ ಕಬ್ಬು. ನಮಗೆ ದಂಡಿ ಅಂದರೆ ಮದುವೆಯಲ್ಲಿ ಹಣೆಗೆ ಕಟ್ಟೋದು, ಮುಡಿಯೋ ಹೂವು ಅಂದರೆ ಮಲ್ಲಿಗೆ, ಸೇವಂತಿಗೆ, ಅಬ್ಬಲಿಗೆ. ಮರದ ಮೈಮೇಲೆ ಕೂತು ಹೂ ಬಿಡೋ ಗಿಡವನ್ನು ಅವತ್ತೇ ಮೊದಲು ನೋಡಿದ್ದು. ಗೆಳೆಯನ ಹೆಗಲೇರಿ, ತೊಗಟೆ ಸಮೇತ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಕಾಡಿನಿಂದ ಹಾಗೆ ಕೀಳೋದು ಕಾನೂನಿನ ಪ್ರಕಾರವೂ ತಪ್ಪು ಅನ್ನೋ ಅರಿವು ಆಗ ಇರಲಿಲ್ಲ. ಇದ್ದಿದ್ದರೂ ಬಿಡುತ್ತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ.

ಊರಿಗೆ ಒಯ್ದು ದೊಡ್ಡ ಡಬ್ಬಿಯಲ್ಲಿ ಎರಿ ಮಣ್ಣು ತುಂಬಿ, ಒಂದಿಷ್ಟು ತಿಪ್ಪೆಗೊಬ್ಬರ ಕಲಸಿ, ಬೇರು ಪೂರಾ ಮುಚ್ಚಿ ನೆಟ್ಟೆ. ಬಿಸಿಲು ತಾಗಬಾರದೆಂದು ಪಡಸಾಲೆಯ ಮೂಲೆಯಲ್ಲಿಟ್ಟೆ. ಅವ್ವನಿಗೆ ದಿನಾ ನೀರು ಹಾಕು ಅಂತ ಹೇಳಿ ಹಾಸ್ಟೆಲ್ಲಿಗೆ ಹೋದೆ. ಅವಳಿಗೆ ಅದು ಬಂದಳಿಕೆಯಾಗಿ ಕಂಡಿತ್ತು. "ಬ್ಯಾರೇದರ ಮ್ಯಾಲ ಬದುಕೂದು, ಮನ್ಯಾಗ್ಯಾಕ ತಂದಿ ತಮ್ಮಾ?" ಅಂದಿದ್ದಳು. ಆದರೂ ಮಗ ಹೇಳಿದನೆಂದು ದಿನಾ ಒಂದು ತಂಬಿಗೆ ನೀರು ಹಾಕಿದಳು. ಒಂದೂವರೆ ತಿಂಗಳಿಗೆ ಗಿಡ ಬುಡದಿಂದ ಕೊಳೆತು ಹೋಯಿತು.

ಎರಡನೆಯ ಆರ್ಕಿಡ್ ಬೆಂಗಳೂರಿನಲ್ಲಿ ಬಂತು. ಟೀಮಿನವರು ಗೃಹಪ್ರವೇಶಕ್ಕೆ ಕೊಟ್ಟ ಫೆಲನಾಪ್ಸಿಸ್. ನಿಮ್ಮ ಆಫೀಸಿನ ರಿಸೆಪ್ಷನ್ನಿನಲ್ಲೂ ಇರುತ್ತದಲ್ಲ, ಚಿಟ್ಟೆ ಸಾಲಾಗಿ ಕೂತ ಹಾಗೆ ಕಾಣೋ ಹೂವು, ಅದೇ. ಎರಡು ತಿಂಗಳು ಕಣ್ಣಿಗೆ ಹಬ್ಬ. ಆಮೇಲೆ ಹೂ ಉದುರಿತು. ಮುಂದೆ ಎರಡು ವರ್ಷ ಬರೀ ಎಲೆ. ಗೊಬ್ಬರ ಹಾಕಿದೆ, ದಿನಾ ಸ್ಪ್ರೇ ಮಾಡಿದೆ, ಚಳಿ ಆಗಬಾರದೆಂದು ಕಿಟಕಿ ಮುಚ್ಚಿದೆ. ಪ್ರಯೋಜನವಾಗಲಿಲ್ಲ. ಕೋಡಿನಲ್ಲಿ ಬಗ್ ಸಿಗದಿದ್ದರೆ ನಾವು ಹಳೆಯ ಕಮಿಟ್‌ಗಳನ್ನು ಹಿಂದೆ ಹಿಂದೆ ಹೋಗಿ ನೋಡ್ತೀವಿ. ಇಲ್ಲೂ ಅದನ್ನೇ ಮಾಡಿದೆ: ಜನ ಈ ಗಿಡವನ್ನು ಮನೆಯೊಳಗೆ ಸಾಕೋದನ್ನು ಕಲಿತದ್ದು ಹೇಗೆ ಅಂತ ಓದುತ್ತ ಹೋದೆ. ನಾನು ಮಾಡಿದ ತಪ್ಪನ್ನೇ ಬಹಳ ದೊಡ್ಡ ಮಂದಿ, ಬಹಳ ದೊಡ್ಡ ಮಟ್ಟದಲ್ಲಿ ಮಾಡಿದ್ದರು!

ಕಥೆ ನಮ್ಮ ಕರಾವಳಿಯ ಪಕ್ಕದಿಂದಲೇ ಶುರುವಾಗುತ್ತದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮರಗಳ ಮೇಲೆ 'ಹೊರ್ಟಸ್ ಮಲಬಾರಿಕಸ್' ಎಂಬ ಪುಸ್ತಕ ಮಾಡಿಸಿದ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಬಗ್ಗೆ ಹೇಳಿಕೊಟ್ಟವರು ಇಲ್ಲಿಯವರೇ: ಇಟ್ಟಿ ಅಚ್ಯುತನ್ ಎಂಬ ವೈದ್ಯ, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಕೊನೆಯ ಸಂಪುಟದಲ್ಲಿ ಆರ್ಕಿಡ್‌ಗಳಿವೆ. ನಾನು ಕದ್ದ ಸೀತಾಳೆ ದಂಡೆಯೂ ಅಲ್ಲಿದೆ, 'ಅಂಜಿಲಿ ಮರವರ' ಎಂಬ ಹೆಸರಿನಲ್ಲಿ. ಅಂಜಿಲಿ ಅಂದರೆ ನಮ್ಮ ಹೆಬ್ಬಲಸು. ಮರವರ ಅಂದರೆ ಮರದ ಮೇಲೆ ಬಾಳುವ ಗಿಡ. ಇನ್ನೊಂದು ಆರ್ಕಿಡ್ಡಿಗೆ 'ಕಾಂಜಿರ ಮರವರ' ಎಂದು ಹೆಸರು. ಕಾಂಜಿರ ಅಂದರೆ ಕಾಸರಕ.

ಆ ಹೆಸರುಗಳನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವು ಬರೀ ಹೆಸರಲ್ಲ, ವಿಳಾಸ. ಈ ಗಿಡ ಎಲ್ಲಿರುತ್ತದೆ, ಯಾವ ಮರದ ಮೇಲೆ, ಎಂಥ ತೊಗಟೆಯ ಮೇಲೆ ಅನ್ನೋದು ಹೆಸರಿನಲ್ಲೇ ಇದೆ. 1753ರಲ್ಲಿ ಲಿನೇಯಸ್ ಈ ಗಿಡಗಳಿಗೆ ಲ್ಯಾಟಿನ್ ಹೆಸರು ಕೊಡುವಾಗ ಅವನ್ನೆಲ್ಲ 'ಎಪಿಡೆಂಡ್ರಮ್' ಎಂಬ ಒಂದೇ ಗುಂಪಿಗೆ ಹಾಕಿದ. ಗ್ರೀಕಿನಲ್ಲಿ 'ಮರದ ಮೇಲಿನದು' ಎಂದರ್ಥ. ಮರ ಉಳಿಯಿತು, ಯಾವ ಮರ ಅನ್ನೋದು ಹೋಯಿತು. ಜಗತ್ತಿನ ಗಿಡಗಳನ್ನೆಲ್ಲ ಒಂದು ಲೆಕ್ಕಕ್ಕೆ ತರಬೇಕಾದರೆ ಇಂಥದ್ದು ಅನಿವಾರ್ಯವೇನೋ. ಆದರೆ ಗಿಡ ಸಾಕುವವನಿಗೆ ಬೇಕಾದ ಮಾಹಿತಿ ಕಳೆದುಹೋದದ್ದಂತೂ ನಿಜ.

ಅಂದ ಹಾಗೆ, ಅವ್ವ ಅಂದುಕೊಂಡಂತೆ ಇದು ಬಂದಳಿಕೆ ಅಲ್ಲ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಅದರ ರಸ ಹೀರುತ್ತದೆ. ಮರದ ಮೇಲಿನ ಆರ್ಕಿಡ್ ಅಲ್ಲಿ ಬರೀ ಕೂತಿರುತ್ತದೆ, ಅಷ್ಟೇ. ನೀರು ಮಳೆಯಿಂದ, ಮಂಜಿನಿಂದ. ಗೊಬ್ಬರ ತೊಗಟೆಯ ಸಂದಿನಲ್ಲಿ ಕೊಳೆತ ಎಲೆ, ದೂಳಿನಿಂದ. ಬೇರಿನ ಸುತ್ತ ಸ್ಪಂಜಿನಂಥ ಹೊದಿಕೆ ಇದೆ. ಮಳೆ ಬಂದಾಗ ಗಟಗಟನೆ ಕುಡಿದು ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ಕುಡಿಯೋದು, ಒಣಗೋದು ಎರಡೂ ಅದಕ್ಕೆ ಬೇಕು. ಅಂಥ ಬೇರನ್ನು ನಾನು ಎರಿ ಮಣ್ಣಿನಲ್ಲಿ ಹೂತಿದ್ದೆ. ನಮ್ಮ ಎರಿ ಮಣ್ಣು ಒಮ್ಮೆ ನೀರು ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಜೋಳಕ್ಕೆ ಅದು ವರ, ಆರ್ಕಿಡ್ಡಿಗೆ ಸಮಾಧಿ.

ಈಗ ಇಂಗ್ಲೆಂಡಿಗೆ ಬನ್ನಿ. 1821ರಲ್ಲಿ ಜಾನ್ ಲಿಂಡ್ಲೆ ಎಂಬ ಸಸ್ಯವಿಜ್ಞಾನಿ, ವಿಲಿಯಂ ಕ್ಯಾಟ್ಲಿ ಎಂಬ ವ್ಯಾಪಾರಿಯ ಗಾಜಿನಮನೆಯಲ್ಲಿ ಅರಳಿದ್ದ ಬ್ರೆಜಿಲ್ ಮೂಲದ ಆರ್ಕಿಡ್ಡಿಗೆ 'ಕ್ಯಾಟ್ಲಿಯಾ' ಎಂದು ಹೆಸರಿಟ್ಟ. ಅಲ್ಲಿಂದ ಶ್ರೀಮಂತರಿಗೆ ಹುಚ್ಚು ಹಿಡಿಯಿತು. ಜಗತ್ತಿನ ಕಾಡುಗಳಿಂದ ಹಡಗಿನಲ್ಲಿ ಗಿಡಗಳು ಬಂದವು. ಬಂದವು, ಸತ್ತವು. ಕಾರಣ ಏನಂದರೆ, 'ಉಷ್ಣವಲಯದ ಗಿಡ' ಎಂಬ ಮಾತನ್ನು ಅವರು 'ಬಿಸಿ, ಒದ್ದೆ, ಕತ್ತಲೆ' ಎಂದು ಅರ್ಥ ಮಾಡಿಕೊಂಡಿದ್ದರು. ಗಾಜಿನ ಕೋಣೆಯೊಳಗೆ ಹಗಲು ರಾತ್ರಿ ಶಾಖ, ಹಬೆ. ತಂಪು ಗಾಳಿ ನುಗ್ಗದಂತೆ ಕಿಟಕಿ ಬಂದ್. ಅದನ್ನು ಕರೆಯುತ್ತಿದ್ದದ್ದೇ 'ಸ್ಟೋವ್' ಅಂತ! ಗಿಡಗಳು ಅಕ್ಷರಶಃ ಬೆಂದು ಹೋದವು. ನಮ್ಮ ದೇಶ ಆರ್ಕಿಡ್‌ಗಳ ಸ್ಮಶಾನ ಎಂಬರ್ಥದ ಮಾತು ಅಲ್ಲಿನ ಸಸ್ಯವಿಜ್ಞಾನಿಗಳ ನಡುವೆಯೇ ಹುಟ್ಟಿಕೊಂಡಿತು.

ಈ ಅಡುಗೆಮನೆಯ ಕಿಟಕಿ ತೆರೆದವರಲ್ಲಿ ಮುಖ್ಯನಾದವನು ಜೋಸೆಫ್ ಪ್ಯಾಕ್ಸ್ಟನ್. ರೈತರ ಮನೆಯ ಹುಡುಗ, ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕನ ತೋಟದ ಮುಖ್ಯಸ್ಥನಾದ. 1835ರಲ್ಲಿ ಅಲ್ಲಿಂದ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಖಾಸಿ ಬೆಟ್ಟಗಳಿಗೆ ಕಳಿಸಿದರು. ಎರಡು ವರ್ಷದ ನಂತರ ಆತ ಆರ್ಕಿಡ್ ಹೊತ್ತು ಮರಳಿದ. ಪ್ಯಾಕ್ಸ್ಟನ್ ಎಲ್ಲ ಗಿಡಗಳನ್ನೂ ಒಂದೇ ಒಲೆಯಲ್ಲಿ ಇಡಲಿಲ್ಲ. ಬೇರೆ ಬೇರೆ ಊರಿನ ಗಿಡಕ್ಕೆ ಬೇರೆ ಬೇರೆ ಉಷ್ಣಾಂಶದ ಮನೆ ಮಾಡಿದ. ಶಾಖ ಕಡಿಮೆ ಮಾಡಿದ, ಗಾಳಿಯಾಡಲು ಬಿಟ್ಟ. ಗಿಡಗಳು ಬದುಕತೊಡಗಿದವು.

ಆದರೂ ಹಳೆಯ ಅಭ್ಯಾಸ ಬೇಗ ಹೋಗಲಿಲ್ಲ ಅನ್ನೋದಕ್ಕೆ ಸಾಕ್ಷಿ ಜೋಸೆಫ್ ಹೂಕರ್. ಡಾರ್ವಿನ್ನನ ಗೆಳೆಯ, ಮುಂದೆ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದವನು. ಆತ 1850ರಲ್ಲಿ ಇಂದಿನ ಮೇಘಾಲಯದ ಬೆಟ್ಟಗಳಲ್ಲಿ ನೀಲಿ ವಾಂಡಾ ನೋಡಿದ್ದನ್ನು 1854ರ 'ಹಿಮಾಲಯನ್ ಜರ್ನಲ್ಸ್' ಪುಸ್ತಕದಲ್ಲಿ ಬರೆದಿದ್ದಾನೆ. (ವಾಂಡಾ ಎಂಬ ಹೆಸರೇ ಸಂಸ್ಕೃತದ ವಂದಾ, ಮರದ ಮೇಲೆ ಬೆಳೆಯುವ ಗಿಡ.) ಅದರ ಸಾರಾಂಶ ಇಷ್ಟು: ಮೂರರಿಂದ ನಾಲ್ಕು ಸಾವಿರ ಅಡಿ ಎತ್ತರದ ಒಣ ಹುಲ್ಲುಗುಡ್ಡ. ಗಂಟುಗಂಟಾದ ಸಣ್ಣ ಓಕ್ ಮರಗಳು, ಅವುಗಳ ಮೇಲೆ ಎಲೆಯೂ ಕಮ್ಮಿ. ಗಿಡಕ್ಕೆ ಬಿಸಿಲು, ಮಳೆ, ಗಾಳಿ ಎಲ್ಲ ನೇರವಾಗಿ ತಾಗುತ್ತದೆ. ಬೇರು ಒರಟು ಒಣ ತೊಗಟೆಯ ಮೇಲೆ ಹರಡಿದೆ. ಹೂ ಬಿಡುವ ಕಾಲದಲ್ಲಿ ಉಷ್ಣಾಂಶ 60ರಿಂದ 80 ಡಿಗ್ರಿ ಫ್ಯಾರನ್‌ಹೀಟ್. ಚಳಿಗಾಲದಲ್ಲಿ ನೆಲದ ಮೇಲೆ ಹಿಮ ಕಟ್ಟುತ್ತದೆ. ಈ ಚಳಿ, ಈ ಒಣಹವೆ, ಈ ಗಾಳಿ ಇವುಗಳಿಂದಲೇ ಇಂಗ್ಲೆಂಡಿನಲ್ಲಿ ನಾವು ಆರ್ಕಿಡ್ಡನ್ನು ಕಾಪಾಡಲು ಒದ್ದಾಡುತ್ತಿದ್ದೇವೆ ಎಂದು ಆತ ಬೇಸರಪಡುತ್ತಾನೆ.

ಇದನ್ನು ಓದಿ ಲೆಕ್ಕ ಹಾಕಿದೆ. 60ರಿಂದ 80 ಫ್ಯಾರನ್‌ಹೀಟ್ ಅಂದರೆ ಸುಮಾರು 16ರಿಂದ 27 ಡಿಗ್ರಿ ಸೆಲ್ಸಿಯಸ್. ಎತ್ತರ ಮೂರು ಸಾವಿರ ಅಡಿ. ಇದು ಬೆಂಗಳೂರಿನ ನವೆಂಬರ್ ಅಲ್ವಾ! ನನ್ನ ಫ್ಲ್ಯಾಟಿನ ಹೊರಗೆ ಪುಕ್ಕಟೆ ಸಿಗುವ ಹವೆಯನ್ನು ಕಿಟಕಿ ಮುಚ್ಚಿ ಹೊರಗಿಟ್ಟಿದ್ದೆ.

ಆದರೆ ಹೂಕರ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಗಿಡ ಎಲ್ಲಿ, ಹೇಗೆ ಬದುಕುತ್ತದೆ ಎಂದು ಅಷ್ಟು ಚಂದ ಬರೆದ ಬೆನ್ನಿಗೇ, ಕ್ಯೂ ಉದ್ಯಾನಕ್ಕಾಗಿ ಏಳು ಆಳು ಹೊರುವಷ್ಟು ನೀಲಿ ವಾಂಡಾ ಕೀಳಿಸಿದ್ದನ್ನು ದಾಖಲಿಸುತ್ತಾನೆ. ಅವುಗಳಲ್ಲಿ ಇಂಗ್ಲೆಂಡಿಗೆ ಜೀವಂತ ತಲುಪಿದ್ದು ಕೆಲವೇ ಕೆಲವು. ಮತ್ತೊಬ್ಬ ಮಹಾಶಯ ಜಾಗ ತೋರಿಸಿಕೊಳ್ಳಲು ತನ್ನ ತೋಟಗಾರನನ್ನು ಇವರ ಜೊತೆ ಕಳಿಸಿದ್ದನಂತೆ. ಆತ ಕಳಿಸಿದ ಒಂದೇ ಆಳಿನ ಹೊರೆ ಅರೆಜೀವವಾಗಿ ತಲುಪಿಯೂ 300 ಪೌಂಡಿಗೆ ಮಾರಾಟವಾಯಿತು. ಚುರುಕಾದ ಒಬ್ಬ ಸಂಗ್ರಾಹಕ ಒಂದೇ ಹಂಗಾಮಿನಲ್ಲಿ ಖಾಸಿ ಆರ್ಕಿಡ್‌ಗಳಿಂದ ಎರಡು-ಮೂರು ಸಾವಿರ ಪೌಂಡ್ ಮಾಡಬಹುದು ಎಂದು ಹೂಕರ್ ಅಂದಾಜು ಕೂಡ ಕೊಡುತ್ತಾನೆ.

ಈ ಭಾಗ ನನ್ನನ್ನು ಬಹಳ ದಿನ ಕಾಡಿತು. ಆತ ಮೂರ್ಖನಲ್ಲ, ದುಷ್ಟನೂ ಅಲ್ಲ. ಆ ಗಿಡವನ್ನು ಅವನಷ್ಟು ಸರಿಯಾಗಿ ನೋಡಿದ ಬಿಳಿಯರು ಆಗ ಕಮ್ಮಿ. ಗಿಡಕ್ಕೆ ಬೇಕಾದದ್ದು ಆ ಗಾಳಿ, ಆ ತೊಗಟೆ, ಆ ಚಳಿ ಎಂದು ಗೊತ್ತಿದ್ದೂ ಏಳು ಹೊರೆ ಕಿತ್ತ. ನನ್ನದು ಒಂದೇ ಗಿಡ, ನನಗೆ ಏನೂ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಆ ರಸ್ತೆಯಲ್ಲಿ ಪ್ರತಿ ಜೂನ್ ಎಷ್ಟು ಬೈಕ್ ಹೋಗುತ್ತವೆ? ಒಂದೊಂದು ಬೈಕಿಗೆ ಒಂದೊಂದು ಗಿಡ ಅಂದರೂ ಏಳು ಹೊರೆ ಆಗಲು ಎಷ್ಟು ಹೊತ್ತು?

ಪ್ಯಾಕ್ಸ್ಟನ್ನನ ಕಥೆಯ ಒಂದು ಎಳೆ ನಮ್ಮೂರಿಗೂ ಬರುತ್ತದೆ. ಚಾಟ್ಸ್‌ವರ್ತ್‌ನಲ್ಲಿ ಗಿಡಗಳಿಗೆ ಗಾಜಿನಮನೆ ಕಟ್ಟಿ ಪಳಗಿದ ಆತ 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದ. ಅದರ ಮಾದರಿಯಲ್ಲೇ ಎದ್ದದ್ದು ನಮ್ಮ ಲಾಲ್‌ಬಾಗಿನ ಗಾಜಿನಮನೆ. ಜಾನ್ ಕ್ಯಾಮರೂನ್ ತೋಟದ ಮುಖ್ಯಸ್ಥನಾಗಿದ್ದಾಗ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಮುಂದಿನ ಸಲ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಒಂದು ವಿಷಯ ಗಮನಿಸಿ: ಅದರ ಸುತ್ತ ತೆರೆದೇ ಇದೆ, ಗಾಳಿ ಈ ಕಡೆಯಿಂದ ಆ ಕಡೆ ಹೋಗುತ್ತದೆ. ಶಾಖ ಹಿಡಿದಿಡಲು ಹುಟ್ಟಿದ ವಿನ್ಯಾಸಕ್ಕೆ ಬೆಂಗಳೂರಿನಲ್ಲಿ ಆ ಕೆಲಸವೇ ಇಲ್ಲ.

ಇನ್ನು ರಿಸೆಪ್ಷನ್ನಿನ ಆ ಹೂವು ಇಷ್ಟು ಅಗ್ಗ ಹೇಗಾಯಿತು? ಆರ್ಕಿಡ್ ಬೀಜ ದೂಳಿನಷ್ಟು ಸಣ್ಣದು. ಒಂದು ಕಾಯಲ್ಲಿ ಲಕ್ಷಗಟ್ಟಲೆ ಇರಬಹುದು, ಆದರೆ ಒಳಗೆ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳಕೆ. ಇದನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೊಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳಕೆ ಬರಿಸಿ ತೋರಿಸಿದ. ಕಬ್ಬಿನ ಸೀಮೆಯವನಾದ ನನಗೆ ಇದು ಬಹಳ ಖುಷಿ ಕೊಟ್ಟ ವಿಷಯ! 1960ರಲ್ಲಿ ಜಾರ್ಜ್ ಮೊರೆಲ್ ಕುಡಿಯ ತುದಿಯ ಚೂರಿನಿಂದ ಒಂದೇ ಬಗೆಯ ಸಾವಿರಾರು ಗಿಡ ಮಾಡುವ ದಾರಿ ತೋರಿಸಿದ. ಕಾಡಿನಿಂದ ಹೊರೆ ಹೊರುವ ಅಗತ್ಯ ಅಲ್ಲಿಗೆ ಮುಗಿಯಬೇಕಿತ್ತು. ಪೂರ್ತಿ ಮುಗಿಯಲಿಲ್ಲ. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದಡಿ ಇಡೀ ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಆದರೂ ಇವತ್ತು ನರ್ಸರಿಯಲ್ಲಿ ಲ್ಯಾಬಿನ ಗಿಡ ಸಿಗುತ್ತದೆ, ಒಂದು ಪಿಜ್ಜಾ-ಸಿನಿಮಾದ ದುಡ್ಡಿಗೆ. ನಮಗೆ ಈಗ ಕದಿಯಲು ನೆಪವಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಾನು ಮಾಡಿದ್ದೇನು? ಬಹಳ ಕಡಿಮೆ. ದಿನಾ ನೀರು ಹಾಕೋದು ಬಿಟ್ಟೆ. ಬೇರು ಹಸಿರಾಗಿದ್ದರೆ ಸುಮ್ಮನಿರೋದು, ಬೂದಿಬಣ್ಣಕ್ಕೆ ತಿರುಗಿದರೆ ಚೆನ್ನಾಗಿ ನೀರು ಹಾಯಿಸಿ ಪೂರ್ತಿ ಬಸಿಯಲು ಬಿಡೋದು. ಹಳೆಯ ಪಾಚಿಯನ್ನೆಲ್ಲ ತೆಗೆದು ತೊಗಟೆ ಚೂರು, ಇದ್ದಿಲು ತುಂಬಿದೆ. ಟಿ.ವಿ. ಪಕ್ಕದಿಂದ ಎತ್ತಿ ಪೂರ್ವದ ಕಿಟಕಿಯಲ್ಲಿ ಇಟ್ಟೆ. ಎಲೆ ಕಡುಹಸಿರಾಗಿ ಮಿಂಚುತ್ತಿದ್ದರೆ ನಾವು ಆರೋಗ್ಯ ಅಂದುಕೊಳ್ತೀವಿ, ನಿಜಕ್ಕೂ ಅದು ಬೆಳಕು ಸಾಲದ ಲಕ್ಷಣ. ತುಸು ತಿಳಿ ಹಸಿರು ಇದ್ದರೆ ಸರಿ. ಇನ್ನು ಮುಖ್ಯವಾದದ್ದು: ಫೆಲನಾಪ್ಸಿಸ್ ಹೂದಂಟು ಹೊರಡಿಸಲು ಸಣ್ಣ ಚಳಿ ಬೇಕು. ಹಗಲು 25 ಡಿಗ್ರಿಯ ಕೆಳಗೆ, ರಾತ್ರಿ 18ರ ಆಸುಪಾಸು, ನಾಲ್ಕೈದು ವಾರ. ನವೆಂಬರಿನಲ್ಲಿ ರಾತ್ರಿ ಕಿಟಕಿ ತೆರೆದಿಟ್ಟೆ. ಅಷ್ಟೇ. ನಿಮ್ಮದು ನೊಬೈಲ್ ಜಾತಿಯ ಡೆಂಡ್ರೋಬಿಯಂ ಆಗಿದ್ದರೆ ಚಳಿಗಾಲದಲ್ಲಿ ನೀರನ್ನೂ ಬಹಳ ಕಮ್ಮಿ ಮಾಡಬೇಕು. ವಾಂಡಾ ಆಗಿದ್ದರೆ ಬೇರು ಬಯಲಿಗೆ ಬಿಟ್ಟು ಬಿಸಿಲಿರುವ ಬಾಲ್ಕನಿಯಲ್ಲಿ ತೂಗುಹಾಕಬೇಕು. ಕೊಳ್ಳುವಾಗ ಹೆಸರು ಕೇಳಿಕೊಳ್ಳಿ. ಹೆಸರು ಗೊತ್ತಾದರೆ ವಿಳಾಸ ಸಿಗುತ್ತದೆ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ವಿವರಿಸಿದರೆ ಆತ ನಕ್ಕ. ನಮ್ಮ ಬಾವಿ ಪಕ್ಕದ ನಿಂಬೆ ಗಿಡಗಳಿಗೆ ಆತ ಮಾಡುತ್ತ ಬಂದಿದ್ದೂ ಇಂಥದ್ದೇ. ಬಹಾರ ಹಿಡಿಸುವ ಮುಂಚೆ ನೀರು ಬಂದ್ ಮಾಡೋದು, ಎಲೆ ಬಾಡುವವರೆಗೆ ಕಾಯೋದು, ಆಮೇಲೆ ಬುಡ ಅಗೆದು ಗೊಬ್ಬರ ಹಾಕಿ ನೀರು ಬಿಡೋದು. ಆಗ ಮೈತುಂಬ ಹೂವು. ಕಬ್ಬಿಗೂ ಕಡಿಯುವ ಮುಂಚೆ ನೀರು ನಿಲ್ಲಿಸ್ತಾರೆ, ಸಕ್ಕರೆ ಕೂಡಲಿ ಅಂತ. "ಬರೇ ನೀರ ಕುಡಿಸಿದ್ರ ಎಲಿ ಬರ್ತದ, ಹೂ ಎಲ್ಲಿಂದ ಬರಬೇಕ?" ಅಂದ. ಹೊಲದಲ್ಲಿ ಕಣ್ಣಾರೆ ನೋಡಿ ಬೆಳೆದ ನಾನು ಇದನ್ನು ಇಂಗ್ಲೆಂಡ್ ಸುತ್ತಿ ಬಂದು ಕಲಿತೆ.

ಡಿಸೆಂಬರ್ ಕೊನೆಗೆ ಎಲೆಯ ಬುಡದಿಂದ ಹಸಿರು ಮೂತಿಯೊಂದು ಇಣುಕಿತು. ಬೇರಾದರೆ ತುದಿ ಮೊಂಡು, ಹೂದಂಟಾದರೆ ತುದಿ ಕೈಗವಸಿನ ಹಾಗೆ ಒಂದು ಕಡೆ ಚೂಪು. ಇದು ಚೂಪಾಗಿತ್ತು. ಮಾರ್ಚ್ ಹೊತ್ತಿಗೆ ಏಳು ಹೂವು.

ಯುಗಾದಿಗೆ ಊರಿಂದ ಅವ್ವ ಬಂದಿದ್ದಳು. ಕುಂಡದ ಸುತ್ತ ಕೈಯಾಡಿಸಿ ಮಣ್ಣು ಹುಡುಕಿದಳು, ಸಿಗಲಿಲ್ಲ. "ಮಣ್ಣಿಲ್ದನ ಹೂ ಬಿಟ್ಟೈತಲ್ಲೋ!" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ನೀ ಅಡವ್ಯಾಗಿಂದ ಒಂದ ಕಿತ್ಕೊಂಡ ಬಂದಿದ್ದೆಲ್ಲ, ಅದೂ ಇದ ಏನು?"

"ಅದೂ ಇದರ ಕುಲದ್ದ ಅವ್ವಾ."

"ದಿನಾ ನೀರ ಹಾಕಿ ಕೊಂದ್ನ್ಯಾ ಅದನ್ನ ನಾನು?"

ಇಲ್ಲ ಅವ್ವಾ, ಕೊಂದದ್ದು ನಾನು ಅಂದೆ. ಅವ್ವ ಮತ್ತೊಮ್ಮೆ ಹೂವನ್ನು ನೋಡಿದಳು.

"ಅಲ್ಲೇ ಬಿಟ್ಟ ಬರಬೇಕಿತ್ತ ನೋಡು. ಈಗ ಆ ಗಿಡ ಎಷ್ಟ ದೊಡ್ಡದಾಗಿರ್ತಿತ್ತೋ ಏನೋ."